ಹಾಲು ಸರ್ಕಾರದ್ದು, ಹೆಪ್ಪು ಮನೆಯದ್ದು

ಮಳೆಲೆಕ್ಕದ ಎಪ್ಪತ್ತಮೂರನೆಯ ವರುಷ, ಎರಡನೆಯ ಭಾದ್ರಪದ, ಮೂವತ್ತನಾಲ್ಕನೆಯ ದಿನ, ಇಳಿಹೊತ್ತು

ಭುವನೇಶ್ವರಿ ಅಜ್ಜಿಯವರಿಗೆ, ನಿಮ್ಮ ಮಗಳ ಮೊಮ್ಮಗಳ ಮಗಳಾದ ಸುಗಲಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಮಳೆ ತನ್ನ ಕಾಲ ಬಿಟ್ಟು ಅಲೆಯತೊಡಗಿದ ಮೇಲೆ ನಮ್ಮ ಹಿರಿಯರು ಪಂಚಾಂಗವನ್ನೇ ಮಳೆಯ ಬೆನ್ನಿಗೆ ಕಟ್ಟಿದರು. ಮಳೆ ನಿಲ್ಲುವವರೆಗೆ ಭಾದ್ರಪದ ಮುಗಿಯುವುದಿಲ್ಲ. ನಡುವೆ ಬಿಟ್ಟು ಮತ್ತೆ ಹಿಡಿದರೆ ಅದು ಎರಡನೆಯ ಭಾದ್ರಪದ. ನನ್ನ ಮಾತುಗಳಲ್ಲಿ ನೀವು ಕೇಳಿರದ ಕೆಲವು ಬರುತ್ತವೆ, ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಅಜ್ಜಿ ಎನ್ನುವುದಕ್ಕೂ ಕ್ಷಮೆ ಇರಲಿ. ಈ ಕಾಗದ ಮುಟ್ಟುವ ಹೊತ್ತಿಗೆ ನೀವು ಇಪ್ಪತ್ತೊಂದರ ಹುಡುಗಿ, ನಾನು ಐವತ್ತು ದಾಟಿದ ಹೆಂಗಸು. ಬಿಳಿ ಕೂದಲು ನನ್ನದು, ಅಜ್ಜಿತನ ಮಾತ್ರ ನಿಮ್ಮದು.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿರಿಯರ ಪಕ್ಷದಲ್ಲಿ ನೀವೆಲ್ಲ ಎಡೆ ಇಟ್ಟು ಕಾಗೆಗೆ ಕಾಯುತ್ತಿದ್ದಿರಂತೆ. ನಾವು ಹೊಳೆದಂಡೆಯ ಅಂಚೆಕಟ್ಟೆಗೆ ಹೋಗಿ ಹಿರಿಯರಿಗೆ ಕಾಗದ ಹಾಕುತ್ತೇವೆ. ಹಿಂದಂಚೆಗೆ ಊರು ಕೇರಿ ಬೇಡ, ಗಳಿಗೆ ಬೇಕು. ಹಾಗಾಗಿ ನಿಮ್ಮ ವಿಳಾಸವನ್ನು ಹೀಗೆ ಬರೆದಿದ್ದೇನೆ: ದೊಡ್ಡ ಬೇನೆಯ ವರುಷ, ಹಾಸ್ಟೆಲಿನಿಂದ ಸಾಮಾನು ತೆಗೆದುಕೊಂಡು ಊರಿಗೆ ಹೊರಟ ಬಸ್ಸು, ಎಡಗಡೆಯ ಕಿಟಕಿ, ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡ ಹುಡುಗಿ. ಕಾಗದ ಮುಟ್ಟಿತೋ ಇಲ್ಲವೋ ಹಾಕಿದವರಿಗೆ ತಿಳಿಯುವುದಿಲ್ಲ. ಮುಟ್ಟಿ, ನೀವು ಏನಾದರೂ ಬದಲಿಸಿದರೆ, ಬದುಕು ಮೊದಲಿನಿಂದಲೂ ಹಾಗೆಯೇ ಇತ್ತೆಂದು ನಮಗೆ ಅನ್ನಿಸುತ್ತದಂತೆ. ಅಂಚೆಯವರಿಗೆ ಇದು ಒಳ್ಳೆಯ ಅನುಕೂಲ, ಯಾರೂ ದೂರು ಕೊಡುವಂತಿಲ್ಲ.

ಕುಶಲ ಕೇಳಲು ಬರೆಯುತ್ತಿಲ್ಲ. ನನಗೆ ಮೋಸವಾಗಿದೆ, ಮನೆಯವರಿಂದಲೇ ಆಗಿದೆ, ಮತ್ತು ಅದರಲ್ಲಿ ನಿಮ್ಮ ಕೈಯೂ ಇದೆಯೆಂದು ನನಗೆ ಅನುಮಾನ ಬಂದಿದೆ.

ಮೊದಲು ನಮ್ಮ ಹಾಲಿನ ವಿಚಾರ ಹೇಳಬೇಕು, ಇಲ್ಲದಿದ್ದರೆ ಒಂದು ಡಬ್ಬಿ ಮೊಸರಿಗೆ ಇಷ್ಟು ರಂಪವೇ ಎನ್ನುತ್ತೀರಿ. ಆಕಳು ಎಮ್ಮೆಗಳು ಈಗ ತಾಲೂಕಿಗೆ ನಾಲ್ಕೋ ಐದೋ ಇವೆ. ಮಕ್ಕಳನ್ನು ಕರೆದೊಯ್ದು ತೋರಿಸಿಕೊಂಡು ಬರುತ್ತೇವೆ. ನಾವು ಕುಡಿಯುವುದು ಕಾಳುಹಾಲು. ಶೇಂಗಾ, ಅಲಸಂದೆ ನೆನೆಹಾಕಿ ರುಬ್ಬಿ, ಊರಾಚೆಯ ದೊಡ್ಡ ಕೊಪ್ಪರಿಗೆಗಳಲ್ಲಿ ಕಾಯಿಸಿ, ಸರ್ಕಾರದವರು ಬೆಳಿಗ್ಗೆ ಹಾಲುನಲ್ಲಿಗೆ ಬಿಡುತ್ತಾರೆ. ಓಣಿಗೊಂದು ಹಾಲುನಲ್ಲಿ. ಎಲ್ಲರ ಮನೆಗೂ ಅದೇ ಹಾಲು, ಅದೇ ಸಪ್ಪೆ. ಒಂದು ಮನೆಗೂ ಇನ್ನೊಂದು ಮನೆಗೂ ರುಚಿಯ ವ್ಯತ್ಯಾಸ ಅಂತ ಉಳಿದಿದ್ದರೆ ಅದು ಹೆಪ್ಪಿನಲ್ಲಿ. ‘ಹಾಲು ಸರ್ಕಾರದ್ದು, ಹೆಪ್ಪು ಮನೆಯದ್ದು’ ಎಂಬುದು ನಮ್ಮ ಕಾಲದ ಗಾದೆ. ಕನ್ಯೆ ನೋಡಲು ಬಂದವರು ಉಪ್ಪಿಟ್ಟು ಕೇಳುವುದಿಲ್ಲ, ಮೊಸರು ಕೇಳುತ್ತಾರೆ. ಕೂಸಿನ ನಾಲಿಗೆಗೆ ಅವ್ವನ ಹಾಲಿನ ನಂತರ ಮುಟ್ಟಿಸುವುದು ಮನೆಯ ಹೆಪ್ಪನ್ನು. ಮಗಳು ಓದಲು ಹೊರಟರೆ ಹಾಸಿಗೆಗಿಂತ ಮೊದಲು ಹೆಪ್ಪಿನ ಡಬ್ಬಿ ಕಟ್ಟುತ್ತೇವೆ. ಅಲ್ಲಿ ಅವಳು ದಿನಾ ಸಂಜೆ ತನ್ನ ಪಾಲಿನ ಹಾಲಿಗೆ ಮನೆಯ ಹೆಪ್ಪು ಹಾಕಬೇಕು, ಮರುದಿನಕ್ಕೆ ಒಂದು ಚಮಚ ಉಳಿಸಿಯೇ ಉಣ್ಣಬೇಕು. ಹೆಪ್ಪು ಎಂದರೆ ತೊಟ್ಟಿಲ ಕೂಸು ಇದ್ದಂತೆ, ಊರಿಗೆ ಹೋಗುವಾಗ ಬಿಟ್ಟು ಹೋಗುವುದಕ್ಕೆ ಬರುವುದಿಲ್ಲ.

ನಮ್ಮ ಮನೆಯ ಹೆಪ್ಪು ನಿಮ್ಮದು, ಅಂದರೆ ನಿಮ್ಮ ಅವ್ವ ನೀಲಮ್ಮನವರದು. ಆ ಕಥೆ ಕೇಳದೆ ನಮ್ಮ ಮನೆಯಲ್ಲಿ ಯಾವ ಹೆಣ್ಣೂ ದೊಡ್ಡವಳಾಗಿಲ್ಲ. ದೊಡ್ಡ ಬೇನೆ ಬಂದಾಗ ವಿಶ್ವವಿದ್ಯಾಲಯದವರು ಒಂದೇ ದಿನದಲ್ಲಿ ಹಾಸ್ಟೆಲು ಖಾಲಿ ಮಾಡಿಸಿದರು. ನೀವು ಉಟ್ಟ ಬಟ್ಟೆಯಲ್ಲಿ ಊರಿಗೆ ಬಂದಿರಿ. ಬೇನೆ ನಿಮ್ಮ ಹಿಂದೆಯೇ ಬಂತು, ನಿಮ್ಮ ಅವ್ವ ತೀರಿಕೊಂಡರು, ಕೊನೆಗೆ ಮುಖ ನೋಡಲೂ ಕೊಡಲಿಲ್ಲ. ಆ ದುಃಖದಲ್ಲಿ ಮನೆಯ ಮೊಸರಿನ ಗಡಿಗೆ ಯಾರಿಗೂ ನೆನಪಾಗದೆ ಕೆಟ್ಟುಹೋಯಿತು. ನಿಮ್ಮ ಅಪ್ಪ ಊಟ ಬಿಟ್ಟು ಕೂತರು. ನಾಲ್ಕು ತಿಂಗಳ ಮೇಲೆ ಸಾಮಾನು ಒಯ್ಯಲು ಅಪ್ಪಣೆಯಾಯಿತು. ಕೋಣೆಯ ಬೀಗ ತೆಗೆದರೆ ಮಂಚದ ಕೆಳಗೆ ಅವ್ವ ಕಟ್ಟಿಕೊಟ್ಟಿದ್ದ ಡಬ್ಬಿ ಇತ್ತು, ಅದರ ತಳದಲ್ಲಿ ಒಣಗಿ ಅಂಟಿದ ಮೊಸರು ಇತ್ತು. ಅದನ್ನು ಊರಿಗೆ ತಂದು ಬೆಚ್ಚನೆಯ ಹಾಲು ಸುರಿದಿರಿ. ಬೆಳಗಾಗುವುದರಲ್ಲಿ ಗಟ್ಟಿ ಮೊಸರಾಗಿತ್ತು. ನಿಮ್ಮ ಅಪ್ಪ ಉಂಡು ಅತ್ತರಂತೆ. ‘ಅಕೀದ ಕೈ ರುಚಿ’ ಅಂದರಂತೆ.

ಅಂದಿನಿಂದ ನೀವೊಂದು ಕಟ್ಟಳೆ ಮಾಡಿದಿರಿ. ಈ ಹೆಪ್ಪು ಮಗಳ ಕೈಗೆ ಹೊರತು ಬೇರೆ ಯಾರ ಕೈಗೂ ಹೋಗಕೂಡದು. ನಿಮ್ಮ ಕಾಲದ ಮಂದಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲಿ ಹಗಲಲ್ಲೂ ಕೊಡುವುದಿಲ್ಲ. ಪಕ್ಕದ ಮನೆಯ ಖತೀಜಕ್ಕ ಹೊಸದಾಗಿ ಸಂಸಾರ ಹೂಡಿದಾಗ ಬಟ್ಟಲು ಹಿಡಿದು ಬಂದಿದ್ದಳು. ‘ಅಮ್ಮಾರ, ಒಂದ್ ಚಮಚಾ ಹೆಪ್ಪು ಕೊಡ್ರಿ, ನಮ್ದು ದಾರ್ಯಾಗ ಕೆಟ್ಟು ಹೋತು’ ಅಂದಳು. ಬರಿಯ ಬಟ್ಟಲು ಕಳಿಸಬಾರದೆಂದು ನಮ್ಮವ್ವ ಅದಕ್ಕೆ ಬೆಲ್ಲ ಹಾಕಿ ಕೊಟ್ಟಳು. ಖತೀಜಕ್ಕ ಆ ಬೆಲ್ಲವನ್ನು ನಮ್ಮ ಕಟ್ಟೆಯ ಮೇಲೆಯೇ ಇಟ್ಟು ಹೋದಳು. ಅಂದಿನಿಂದ ಎರಡು ಮನೆಗಳ ನಡುವೆ ನಗೆಯುಂಟು, ಕೊಡುವುದು ಕೊಳ್ಳುವುದು ಇಲ್ಲ. ನಮ್ಮವ್ವನಿಗೆ ಇದರ ಬಗ್ಗೆ ಹೆಮ್ಮೆಯೇ ಇತ್ತು. ನಿಮ್ಮ ಮಾತು ನಡೆಸಿದೆನೆಂದು ಹೇಳಿಕೊಳ್ಳುತ್ತಿದ್ದಳು.

ನನಗೆ ಒಬ್ಬಳೇ ಮಗಳು, ನಿಂಬೆವ್ವ. ಹಳೆಯ ಹೆಸರುಗಳಿಗೆ ಈಗ ಬಹಳ ಬೇಡಿಕೆ. ಅವಳು ಓದುಗೇರಿಯಲ್ಲಿ ಹುಳಿವಿದ್ಯೆ ಓದುತ್ತಾಳೆ. ಓದುಗೇರಿಯೆಂದರೆ ನಿಮ್ಮ ವಿಶ್ವವಿದ್ಯಾಲಯ. ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಗೂಡು ಕಟ್ಟಿ ಹುಡುಗ ಹುಡುಗಿಯರನ್ನು ಇಟ್ಟಿರುತ್ತಾರೆ. ಹುಳಿವಿದ್ಯೆಯೆಂದರೆ ಹಿಟ್ಟು ಉಬ್ಬುವುದು, ಹಾಲು ಹೆಪ್ಪಾಗುವುದು, ಮಣ್ಣು ಮಾಗುವುದು, ಇವುಗಳ ಒಳಗುಟ್ಟು ಕಲಿಯುವ ಓದು. ಎಂಥ ಮನೆಗೆ ಎಂಥ ಮಗಳು ಎಂದು ಓಣಿಯವರೆಲ್ಲ ಹೊಗಳಿದ್ದರು. ಹೋದ ಬೇಸಿಗೆಯಲ್ಲಿ ಹಾಲುನಲ್ಲಿ ವಾರಗಟ್ಟಲೆ ಒಣಗಿ ನನ್ನ ಗಡಿಗೆ ಕೆಟ್ಟಾಗ ಇದೇ ಮಗಳು ರಜೆಗೆ ಬರುತ್ತ ನೀಲಮ್ಮನವರ ಅದೇ ಡಬ್ಬಿಯಲ್ಲಿ ಮೊಸರು ತಂದಳು. ‘ತಗೋ ಅವ್ವಾ, ನಮ್ದ ಹೆಪ್ಪು’ ಅಂದಳು. ನಾನು ಆ ಡಬ್ಬಿಗೆ ಅರಿಸಿನ ಕುಂಕುಮ ಹಚ್ಚಿದೆ. ಮೊದಲ ತುತ್ತು ಉಂಡಾಗ ಕಣ್ಣಲ್ಲಿ ನೀರು ಬಂತು. ಅವಳು ಹಿಂದಿರುಗುವಾಗ ಡಬ್ಬಿ ಬೆಳಗಿ, ಅದೇ ಹೆಪ್ಪು ತುಂಬಿ ಕಳಿಸಿದೆ.

ಈ ವರುಷ ಮಾತುಗಳ್ಳ ಬಂದ. ಬೇನೆಗೆ ಜನ ಇಟ್ಟ ಹೆಸರು ಅದು. ಮೊದಲು ದನಿ ಕದಿಯುತ್ತಾನೆ, ಆಮೇಲೆ ಕೆಲವರ ಉಸಿರನ್ನೂ ಒಯ್ಯುತ್ತಾನೆ. ಬೇನೆಯಿಂದ ಎದ್ದು ಮೊದಲ ಮಾತು ಆಡುವ ದಿನ ಮನೆಯವರೆಲ್ಲ ಕೂತು ಕೇಳುತ್ತೇವೆ. ಆ ಮಾತು ಒಳ್ಳೆಯದಿರಲಿ ಎಂದು ಬಾಯಿಗೆ ಬೆಲ್ಲ ಇಡುತ್ತೇವೆ. ಓದುಗೇರಿಯವರು ನಿಮ್ಮ ಕಾಲದವರಂತೆಯೇ ಒಂದೇ ದಿನದಲ್ಲಿ ಗೂಡು ಖಾಲಿ ಮಾಡಿಸಿದರು. ತಿನ್ನುವ ಪದಾರ್ಥ ಒಂದೂ ಹೊರಗೆ ಹೋಗಕೂಡದೆಂದರು. ನಿಂಬೆವ್ವ ಕೈಬೀಸಿಕೊಂಡು ಮನೆಗೆ ಬಂದಳು, ಬಂದು ಸ್ವಲ್ಪ ದಿನಕ್ಕೆ ದನಿ ಕಳೆದುಕೊಂಡಳು. ಆರೋಗ್ಯದವರು ಬಂದು ಮನೆಯಲ್ಲಿ ಹುಳಿ ಬಂದದ್ದಕ್ಕೆಲ್ಲ ಸುಣ್ಣದ ನೀರು ಸುರಿದರು. ದೋಸೆಹಿಟ್ಟು ಹೋಯಿತು, ಉಪ್ಪಿನಕಾಯಿ ಹೋಯಿತು, ಮೊಸರಿನ ಗಡಿಗೆ ಹೋಯಿತು. ನಾನು ಮಾತ್ರ ಗಾಬರಿಯಾಗಲಿಲ್ಲ. ಬೀಗ ಹಾಕಿದ ಗೂಡಿನಲ್ಲಿ ನೀಲಮ್ಮನವರ ಡಬ್ಬಿ ಇದೆ, ಒಣಗಿದರೆ ಒಣಗಲಿ, ಬೆಚ್ಚನೆಯ ಹಾಲು ಬಿದ್ದರೆ ಏಳುತ್ತದೆ ಎಂದುಕೊಂಡೆ. ನಿಮ್ಮದು ಎದ್ದಿತ್ತಲ್ಲ.

ಮೂರು ತಿಂಗಳಿಗೆ ಅಪ್ಪಣೆ ಸಿಕ್ಕಿತು. ಒಂದು ಗೂಡಿಗೆ ಒಬ್ಬರು, ಒಂದು ಊದಿನಕಡ್ಡಿ ಉರಿದು ಮುಗಿಯುವಷ್ಟು ಹೊತ್ತು. ನಿಮ್ಮ ಕಾಲದ ಹೆದ್ದಾರಿಗಳೆಲ್ಲ ಈಗ ನೆರಳುತೋಟಗಳು, ಹಾಗಾಗಿ ಕಾಲುವೆ ದೋಣಿಯಲ್ಲಿ ಎರಡು ದಿನ ಹೋದೆ. ದಾರಿಯುದ್ದಕ್ಕೂ ದೋಣಿಯಲ್ಲಿದ್ದವರು ಏನೇನು ತರಬೇಕೆಂದು ಹೇಳಿಕೊಳ್ಳುತ್ತಿದ್ದರು: ಒಬ್ಬಳಿಗೆ ಮಗನ ಕೈಮಗ್ಗ ಬೇಕಿತ್ತು, ಒಬ್ಬಳಿಗೆ ಕಿಟಕಿಯಲ್ಲಿಟ್ಟ ತುಳಸಿ. ನನ್ನೆದುರು ಕೂತ ಹಿರಿಯರೊಬ್ಬರು ಏನನ್ನೂ ಹೇಳಲಿಲ್ಲ. ವಾಪಸು ಬರುವಾಗ ಅವರ ಕೈಯಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ಅವರ ಮಗಳು ಆಸ್ಪತ್ರೆಯಿಂದ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಅವರ ಎದುರು ನನ್ನ ದುಃಖವನ್ನು ದುಃಖವೆನ್ನಲು ನಾಚಿಕೆಯಾಗುತ್ತದೆ. ಆದರೂ ನನ್ನದು ನನಗೆ.

ಗೂಡಿನ ಬಾಗಿಲಿಗೆ ಕಾವಲಿನವನು ಕಡ್ಡಿ ಹಚ್ಚಿಟ್ಟ. ನಾನು ಅವನ ಪುಸ್ತಕದಲ್ಲಿ ಸಹಿಯ ಬದಲು ಅಂಗೈ ಒತ್ತಿ ಒಳಗೆ ಹೋದೆ. ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು, ಹಗ್ಗದ ಮೇಲೆ ಒಂದು ಲಂಗ ಹಾಗೆಯೇ ಒಣಗಿ ಬಣ್ಣಗೆಟ್ಟಿತ್ತು. ಮಂಚದ ಕೆಳಗೆ ನೋಡಿದೆ, ಹಾಸಿಗೆಯ ಹಿಂದೆ ನೋಡಿದೆ. ಡಬ್ಬಿ ಕನ್ನಡಿಯ ಪಕ್ಕದಲ್ಲೇ ಇತ್ತು. ಎತ್ತಿಕೊಂಡರೆ ಗಲಗಲ ಅಂದಿತು. ಮುಚ್ಚಳ ತೆಗೆದೆ. ತಲೆಪಿನ್ನು, ಗುಂಡಿ, ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ ಸೂಜಿಗಳು. ಮೊಸರಿನ ಒಂದು ಕಲೆಯೂ ಇಲ್ಲ. ತಳದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ‘ನೀಲಮ್ಮ’ ಎಂಬ ಹೆಸರು ಮಾತ್ರ ಹೊಳೆಯುತ್ತಿತ್ತು. ನಾನು ಕೆಳಗೆ ಕೂತುಬಿಟ್ಟೆ. ಕಾವಲಿನವನು ಹೊರಗಿನಿಂದ, ‘ಅಮ್ಮಾರ, ಕಡ್ಡಿ ಮುಗೀತು. ಹಾಸಿಗಿ ಬ್ಯಾಡೇನ್ರಿ? ಬರೇ ಡಬ್ಬಿ ಹಿಡಕೊಂಡ್ ಹೊಂಟೀರಲ್ಲಾ’ ಅಂದ. ಹಾಸಿಗೆ ಅಲ್ಲಿಯೇ ಬಿಟ್ಟು ಬಂದೆ.

ಮನೆಗೆ ಬಂದು ಡಬ್ಬಿಯನ್ನು ನಿಂಬೆವ್ವನ ಮುಂದೆ ಇಟ್ಟೆ. ಅವಳಿಗೆ ಇನ್ನೂ ದನಿ ಬಂದಿರಲಿಲ್ಲ. ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಗೋಡೆಯ ಕಡೆ ಹೊರಳಿ ಮಲಗಿದಳು. ಡಬ್ಬಿಯ ಅಂಚನ್ನು ಉಗುರಿನಿಂದ ಕೆರೆದು ಹಾಲಿಗೆ ಹಾಕಿ ನೋಡಿದೆ. ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು, ಸಂಜೆಗೆ ನಾರಿತು. ಎರಡು ವಾರ ಇಬ್ಬರೂ ಎಣ್ಣೆ ಖಾರ ಕಲಸಿ ಅನ್ನ ಉಂಡೆವು. ಹೆಪ್ಪನ್ನು ಅವಳು ಹೋದ ಬೇಸಿಗೆಯಿಂದ ಈಚೆಗೆ ಕೊಂದಿದ್ದಾಳೆ ಎಂದುಕೊಂಡಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಊರಿನ ಹುಳಿಯ ಗುಟ್ಟೆಲ್ಲ ಓದುತ್ತಿರುವ ಹುಡುಗಿಗೆ ಮನೆಯ ಒಂದು ಚಮಚ ಹೆಪ್ಪು ಕಾಯಲಾಗಲಿಲ್ಲ.

ಮೊನ್ನೆ ಅವಳ ದನಿ ಮರಳಿತು. ಎಷ್ಟು ಸಿಟ್ಟಿದ್ದರೂ ಪದ್ಧತಿ ಬಿಡಲಿಕ್ಕಾಗದು, ಬೆಲ್ಲದ ಚೂರು ಹಿಡಿದು ಎದುರಿಗೆ ಕೂತೆ. ಅವಳ ಮೊದಲ ಮಾತು ಇದು: ‘ಅವ್ವಾ, ಅದು ಮೊದಲ್ನೇ ಮಳಿಗಾಲದಾಗ ಸತ್ತಿತ್ತು.’ ಪರೀಕ್ಷೆಯ ವಾರ ಮರೆತಳಂತೆ, ಬೂಷ್ಟು ಹಿಡಿಯಿತಂತೆ, ತೊಳೆದಿಟ್ಟಳಂತೆ. ಹಾಗಾದರೆ ಹೋದ ಬೇಸಿಗೆಯಲ್ಲಿ ತಂದದ್ದೇನು ಎಂದು ಕೇಳಿದೆ. ‘ಓದುಗೇರಿ ಊಟದ ಮನೀದು. ಎಲ್ಲಾರೂ ಉಣ್ಣೂದ’ ಅಂದಳು. ಆವಾಗಲಾದರೂ ಹೇಳಬಾರದಿತ್ತೇ ಎಂದು ಕೇಳಿದೆ. ಅವಳು ಅಂದಳು: ‘ಹೇಳೂದಕ್ಕಂತ ಬಂದಿದ್ದೆ. ನೀ ಉಂಡು ಅತ್ತಿ, ಅವ್ವಾ. ಆಮ್ಯಾಲ ಹೆಂಗ ಹೇಳ್ಲಿ?’

ಬೆಲ್ಲ ನನ್ನ ಕೈಯಲ್ಲೇ ಕರಗಿತು. ಒಂದು ವರುಷ ನಾನು ಊಟದ ಮನೆಯ ಮೊಸರಿಗೆ ಕುಂಕುಮ ಹಚ್ಚಿದ್ದೇನೆ. ಹಬ್ಬದ ದಿನ ಅದನ್ನು ನಿಮ್ಮ ಹೆಸರಿನಲ್ಲಿ ಎಡೆ ಇಟ್ಟಿದ್ದೇನೆ. ‘ನಮ್ಮ ಹೆಪ್ಪಿನ ಹುಳಿಯೇ ಬೇರೆ’ ಎಂದು ಬಂದವರ ಮುಂದೆ ಹೇಳಿಕೊಂಡಿದ್ದೇನೆ, ಅವಳು ಪಕ್ಕದಲ್ಲಿ ಕೂತು ಅದನ್ನು ಕೇಳಿಸಿಕೊಂಡಿದ್ದಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಕಲಿಸಿದವಳು ನಾನೇ. ಹೆಪ್ಪು ಸತ್ತದ್ದಕ್ಕಿಂತ ಹೆಚ್ಚು ಸುಟ್ಟದ್ದು ಅದು: ನನ್ನ ನಾಲಿಗೆಯಿಂದಲೇ ಅವಳು ನನ್ನನ್ನು ನನ್ನದೇ ಮನೆಯಲ್ಲಿ ಮೂರ್ಖಳನ್ನಾಗಿ ಮಾಡಿದಳು, ಅದೂ ಪ್ರೀತಿಯಿಂದ. ಸಿಟ್ಟಿನಿಂದ ಮಾಡಿದ್ದರೆ ಜಗಳವಾಡಬಹುದಿತ್ತು.

ಆದರೆ ಅಜ್ಜಿ, ಅವಳ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಉಂಡು ಅತ್ತಿ. ಇದನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ನಿಮ್ಮ ಅಪ್ಪ ಉಂಡು ಅತ್ತರಂತೆ. ಹುಟ್ಟಿದಾಗಿನಿಂದ ಕೇಳಿದ ಮಾತು. ನಿಂಬೆವ್ವನನ್ನೇ ಕೇಳಿದೆ, ನಾಲ್ಕು ತಿಂಗಳು, ಅದೂ ಬೇಸಿಗೆ, ಮುಚ್ಚಿದ ಕೋಣೆ, ಅಂಥಾದ್ದರಲ್ಲಿ ಒಣಗಿದ ಹೆಪ್ಪು ಬದುಕುತ್ತದೆಯೇ? ಅವಳು ತಲೆ ತಗ್ಗಿಸಿ, ‘ಒಮ್ಮೊಮ್ಮಿ ಬದುಕಬಹುದು. ಆದ್ರ ಒಂದ ರಾತ್ರ್ಯಾಗ ಗಟ್ಟಿ ಮೊಸರು ಆಗೂದು... ಆ ಅಜ್ಜಿನೂ ಮೆಣಸಿನಕಾಯಿ ತೊಟ್ಟು ಹಾಕಿರಬೇಕವ್ವಾ’ ಅಂದಳು. ಹೆಪ್ಪಿಲ್ಲದವರು ಬೆಚ್ಚನೆಯ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡಿಕೊಳ್ಳುವುದು ನಿಮಗೂ ಗೊತ್ತು, ನಮಗೂ ಗೊತ್ತು.

ನೇರವಾಗಿ ಕೇಳುತ್ತೇನೆ. ಹಾಕಿದಿರಾ? ಆ ಸಂಜೆ ನಿಮ್ಮ ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ, ಡಬ್ಬಿಯೊಳಗಿನ ಒಣ ಚಕ್ಕೆ ಸತ್ತದ್ದೆಂದು ತಿಳಿದು, ಒಂದು ತೊಟ್ಟು ಮುರಿದು ಹಾಲಿಗೆ ಹಾಕಿದಿರಾ? ಅವರು ಉಣ್ಣಲಿ ಎಂದು ಮಾಡಿರಬಹುದು. ಉಂಡ ಮೇಲೆ ಹೇಳೋಣವೆಂದುಕೊಂಡಿರಬಹುದು. ಅವರು ಅತ್ತರು, ನಿಮ್ಮ ಬಾಯಿ ಕಟ್ಟಿತು. ಅಷ್ಟನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಮೊನ್ನೆಯಿಂದ. ಆದರೆ ಆ ಕಟ್ಟಳೆ ಯಾಕೆ ಮಾಡಿದಿರಿ? ಯಾರ ಕೈಗೂ ಕೊಡಕೂಡದು ಎಂದದ್ದು ಅವ್ವನ ನೆನಪಿಗೋ, ಬೇರೆಯವರ ನಾಲಿಗೆ ನಿಜ ಹೇಳೀತೆಂಬ ಹೆದರಿಕೆಗೋ? ನಾಲ್ಕು ತಲೆಮಾರಿನ ಹೆಂಗಸರು ನಿಮ್ಮ ಮಾತು ನಂಬಿ ಬಾಗಿಲಿಗೆ ಬಂದವರನ್ನೆಲ್ಲ ವಾಪಸು ಕಳಿಸಿದರು. ಒಂದೇ ಒಂದು ಮನೆಗೆ ಕೊಟ್ಟಿದ್ದರೂ ಇವತ್ತು ಆ ಮನೆಯಲ್ಲಿ ನಮ್ಮದು ಉಳಿದಿರುತ್ತಿತ್ತು. ನೀಲಮ್ಮನವರದೋ, ಮೆಣಸಿನಕಾಯಿಯದೋ, ಏನೋ ಒಂದು. ನಾಲ್ಕು ತಲೆಮಾರು ಉಂಡ ಮೇಲೆ ತೊಟ್ಟಿನದಾದರೂ ಅದು ನಮ್ಮದೇ. ಅದನ್ನು ಕಾಪಾಡುತ್ತೇವೆಂದು ಒಂದೇ ಗಡಿಗೆಯಲ್ಲಿ ಬಚ್ಚಿಟ್ಟೆವು, ಒಬ್ಬ ಹುಡುಗಿ ಒಂದು ವಾರ ಮರೆತಳು, ಒಂದು ಬೇಸಿಗೆ ಹಾಲು ನಿಂತಿತು, ಮುಗಿಯಿತು.

ಈ ಕಾಗದ ಬರೆಯುತ್ತಿರುವಾಗಲೇ ಒಲೆಯ ಮೇಲಿನ ಹಾಲು ಕಾದು, ಬೆರಳು ತಾಳುವಷ್ಟು ಬೆಚ್ಚಗಾಗಿದೆ. ದೀಪ ಹಚ್ಚಲು ಇನ್ನೂ ಹೊತ್ತಿದೆ. ನಿಂಬೆವ್ವ ಎದ್ದು, ಸೂಜಿ ಪಿನ್ನುಗಳನ್ನು ಕಿಟಕಿಯ ಹಲಗೆಯ ಮೇಲೆ ಸುರಿದು, ಡಬ್ಬಿ ಬೆಳಗಿದಳು. ‘ಖತೀಜಾ ಅತ್ತಿ ಮನೀಗಿ’ ಎಂದು ತಾನೇ ಹೇಳಿದಳು. ಯಾವ ಮುಖ ಇಟ್ಟುಕೊಂಡು ಕೇಳುವುದು? ಅವರು ಡಬ್ಬಿಗೆ ಬೆಲ್ಲ ಹಾಕಿ ಕೊಟ್ಟರೆ ನಾವು ಏನು ಮಾಡಬೇಕು?

ಆದ್ದರಿಂದ ಒಂದು ಬೇಡಿಕೆ. ನೀವು ಇನ್ನೂ ಬಸ್ಸಿನಲ್ಲಿದ್ದೀರಿ, ಡಬ್ಬಿ ನಿಮ್ಮ ತೊಡೆಯ ಮೇಲಿದೆ. ಮನೆಗೆ ಹೋಗಿ ನಿಮ್ಮ ಅಪ್ಪನಿಗೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು; ಆ ಸುಳ್ಳನ್ನು ನಾನು ಬೇಡವೆನ್ನಲಾರೆ. ಆದರೆ ಮೊಸರಾದ ಬೆಳಿಗ್ಗೆ ಕಟ್ಟಳೆ ಮಾಡಬೇಡಿ. ಪಕ್ಕದ ಮನೆಯವರು ಯಾರೇ ಆಗಿರಲಿ, ಅವರು ಕೇಳುವ ಮೊದಲೇ ಒಂದು ಚಮಚ ಕೊಟ್ಟು ಬನ್ನಿ. ಅವರು ಇನ್ನೊಬ್ಬರಿಗೆ ಕೊಡಲಿ. ಹಾಗೆ ಕೈಯಿಂದ ಕೈಗೆ ಬಂದು, ನಿಮಗೆ ಗುರುತಿಲ್ಲದ ಯಾವುದೋ ಮನೆಯ ಹೊಸ ಸೊಸೆಯ ಗಡಿಗೆಯನ್ನು ಸೇರಲಿ. ಹಾಗಾದರೆ ಇವತ್ತು ನಾವು ಬಡಿಯುವ ಬಾಗಿಲಿನ ಒಳಗೆ ನಮ್ಮದೇ ಹೆಪ್ಪು ಇದ್ದೀತು.

ಮಗಳು ಖತೀಜಕ್ಕನ ಬಾಗಿಲು ಬಡಿದ ಸದ್ದು ನನಗೆ ಕೇಳಿಸಿತು. ಬಾಗಿಲು ಇನ್ನೂ ತೆರೆದಿಲ್ಲ. ಅವಳು ನಿಮ್ಮ ಅವ್ವನ ಡಬ್ಬಿ ಹಿಡಿದು ನಿಂತಿದ್ದಾಳೆ.

ಬೇಗ ಕೊಡಿ ಅಜ್ಜಿ.

ನಿಮ್ಮ
ಸುಗಲಾ